ಹಳೇ ಝಡ್-4ಗೆ ಹೊಸ ಶಾಕ್ಸ್: ಕಂಪನಿ ತರಹದ್ದೇ ಸಾಕಾ, ಬಿ6 ಹಾಕಲಾ, ಕೋನಿ ಹಾಕಲಾ?

ರೋಡ್‌ಸ್ಟರ್_ಕುವೆಂಪುನಗರ

ಎಲ್ಲರಿಗೂ ನಮಸ್ಕಾರ. ಮೈಸೂರು, ಮಂಡ್ಯ ಕಡೆ ಹಳೇ ಕಾರು ಇಟ್ಟುಕೊಂಡವರು ಸ್ವಲ್ಪ ಸಲಹೆ ಕೊಡಿ.

ಕಾರು 2006ರ ಬಿಎಂಡಬ್ಲ್ಯು ಝಡ್-4, ಇ85 ಮಾಡೆಲ್, 2.5 ಲೀಟರ್, ಮ್ಯಾನ್ಯುವಲ್. ಫ್ಯಾಕ್ಟರಿಯಿಂದಲೇ ಎಂ ಸ್ಪೋರ್ಟ್ ಸಸ್ಪೆನ್ಷನ್ ಬಂದಿದೆ, ಅಂದರೆ ಮಾಮೂಲಿ ಝಡ್-4ಗಿಂತ 15 ಮಿ.ಮೀ. ತಗ್ಗು. ನಾಲ್ಕೂ ಶಾಕ್ಸ್ (ಶಾಕ್ ಅಬ್ಸಾರ್ಬರ್) ಹುಟ್ಟಿದಾಗಿನವೇ, ಯಾರೂ ಬದಲಿಸಿಲ್ಲ. ಟೈರ್ 225/45 ಆರ್17, ರನ್-ಫ್ಲಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವಂಥದ್ದು).

ತೊಂದರೆ ಹೀಗಿದೆ. ಬೆಂಗಳೂರು ಎಕ್ಸ್‌ಪ್ರೆಸ್‌ವೇನಲ್ಲಿ 100ರ ಹತ್ತಿರ ಹೋಗುವಾಗ ಸೇತುವೆ ಜಾಯಿಂಟ್ ದಾಟಿದರೆ ಮುಂಭಾಗ ಒಂದು ಸಲ ಎದ್ದು ಕೂರುವ ಬದಲು ಎರಡು ಮೂರು ಸಲ ತೂಗುತ್ತದೆ. ಚಾಮುಂಡಿ ಬೆಟ್ಟದ ತಿರುವಿನಲ್ಲಿ ಸಣ್ಣ ಹಳ್ಳ ಸಿಕ್ಕರೂ ಹಿಂಭಾಗ ಪಕ್ಕಕ್ಕೆ ಒಂದು ಹೆಜ್ಜೆ ಹಾಕಿದ ಹಾಗಾಗುತ್ತದೆ, ಆ ಕ್ಷಣ ಎದೆ ಝಲ್ ಎನ್ನುತ್ತದೆ. ಹಂಪ್ಸ್ ಮೇಲೆ ನಿಧಾನಕ್ಕೆ ಇಳಿಸಿದರೂ ಹಿಂದೆ ಎಡಗಡೆ ‘ಟಕ್’ ಅಂತ ಸದ್ದು. ಹಿಂದಿನ ಬಲಗಡೆ ಶಾಕ್ ಮೈಯೆಲ್ಲ ಎಣ್ಣೆ, ಧೂಳು ಅಂಟಿ ಕಪ್ಪು ಪೇಸ್ಟ್ ಆಗಿದೆ. ಮುಂದಿನ ಟೈರ್ ಮೇಲೆ ಅಂಗೈ ಆಡಿಸಿದರೆ ಸುತ್ತಲೂ ತಗ್ಗು ಉಬ್ಬು, ತಗ್ಗು ಉಬ್ಬು ಸಿಗುತ್ತದೆ.

ಒಂದು ಗ್ಯಾರೇಜ್‌ನವರು ನಾಲ್ಕೂ ಬದಲಿಸಿ ಎಂದರು. ಇನ್ನೊಬ್ಬರು ಎಣ್ಣೆ ತುಂಬಿಸಿ ರಿಪೇರಿ ಮಾಡಿಸೋಣ, ಕಾಲು ಭಾಗ ದುಡ್ಡಲ್ಲಿ ಆಗುತ್ತದೆ ಎಂದರು. ಇಂಟರ್‌ನೆಟ್‌ನಲ್ಲಿ ಓದಿದರೆ ಒಬ್ಬರು ಬಿಲ್‌ಸ್ಟೈನ್ ಬಿ6 ಬಿಟ್ಟು ಬೇರೆ ಹಾಕಲೇಬೇಡಿ ಎನ್ನುತ್ತಾರೆ, ಇನ್ನೊಬ್ಬರು ಅದು ಸೊಂಟ ಮುರಿಯುತ್ತದೆ, ಕೋನಿ ಹಾಕಿ ಎನ್ನುತ್ತಾರೆ (ಬಿಲ್‌ಸ್ಟೈನ್, ಕೋನಿ ಎರಡೂ ಶಾಕ್ಸ್ ಬ್ರ್ಯಾಂಡ್). ಅವರೆಲ್ಲ ಜರ್ಮನಿ, ಇಂಗ್ಲೆಂಡ್ ರಸ್ತೆಯವರು. ನಮ್ಮ ಪಾಂಡವಪುರ ರಸ್ತೆ ಅವರಿಗೇನು ಗೊತ್ತು ಅಲ್ವಾ.

ನನ್ನ ಓಡಾಟ: ಭಾನುವಾರ ಬೆಳಗ್ಗೆ ಮಂಡ್ಯ, ಮೇಲುಕೋಟೆ ಕಡೆ, ಆಗಾಗ ಗುಂಡ್ಲುಪೇಟೆ ದಾಟಿ ಊಟಿ. ರೇಸ್ ಟ್ರ್ಯಾಕ್ ಇಲ್ಲ. ಕಾರನ್ನು ಮಾರುವ ಯೋಚನೆಯೂ ಇಲ್ಲ, ಇದನ್ನು ಸರಿಯಾಗಿ ಇಟ್ಟುಕೊಳ್ಳಬೇಕು ಅನ್ನೋದು ಆಸೆ. ಏನು ಹಾಕಲಿ?

ಮಂಡ್ಯ_ಗ್ಯಾರೇಜ್

ಸರ್, ಮೊದಲು ಆ ಎಣ್ಣೆ ತುಂಬಿಸುವ ಮಾತನ್ನು ಮರೆತುಬಿಡಿ. ಅವರು ಮಾಡೋದು ಏನು ಗೊತ್ತಾ? ಟ್ಯೂಬಿಗೆ ಡ್ರಿಲ್‌ನಲ್ಲಿ ತೂತು ಹಾಕಿ, ಕೈಗೆ ಸಿಕ್ಕ ಎಣ್ಣೆ ಸುರಿದು, ವೆಲ್ಡ್ ಹೊಡೆದು ಕೊಡುತ್ತಾರೆ. ಒಳಗಿನ ವಾಲ್ವ್ ಸವೆದಿರುತ್ತದೆ, ರಾಡ್ ಸೀಲ್ ಸವೆದಿರುತ್ತದೆ, ಅವೆರಡನ್ನೂ ಯಾರೂ ಮುಟ್ಟುವುದಿಲ್ಲ. ಒಂದು ಮಳೆಗಾಲ ಕಳೆಯುವುದರಲ್ಲಿ ಮತ್ತೆ ಸೋರುತ್ತದೆ. ಇನ್ನು ಮೊನೋಟ್ಯೂಬ್, ಅಂದರೆ ಒಂದೇ ಕೊಳವೆಯ ಶಾಕ್ ಆದರೆ ಒಳಗೆ 20–25 ಬಾರ್ ಒತ್ತಡದಲ್ಲಿ ನೈಟ್ರೋಜನ್ ಇರುತ್ತದೆ. ಅದಕ್ಕೆ ಡ್ರಿಲ್ ಹಾಕುವುದು, ಬೆಂಕಿ ಹಿಡಿಯುವುದು ಪ್ರಾಣದ ಮೇಲಿನ ಆಟ. ಶಾಕ್ಸ್ ಬಿಚ್ಚಿ ಸರಿಯಾಗಿ ರೀಬಿಲ್ಡ್ ಮಾಡುವವರು ಇದ್ದಾರೆ, ಅವರ ಹತ್ತಿರ ಡೈನೋ (ಶಾಕ್ ಎಷ್ಟು ತಡೆಯುತ್ತದೆ ಅಂತ ಅಳೆಯುವ ಯಂತ್ರ) ಇರುತ್ತದೆ, ಆ ಕೆಲಸವೇ ಬೇರೆ.

ಎರಡನೇ ಮಾತು. ಬ್ರ್ಯಾಂಡ್ ಆಮೇಲೆ, ಮೊದಲು ಯಾವುದು ಹಾಳಾಗಿದೆ ನೋಡಿ. ನೀವು ಹೇಳಿದ್ದರಲ್ಲಿ ತೂಗಾಟ, ಟೈರ್ ತಗ್ಗು ಉಬ್ಬು, ಎಣ್ಣೆ ಸೋರಿಕೆ, ಈ ಮೂರೂ ಶಾಕ್ಸ್ ಕಡೆ ಕೈ ತೋರಿಸುತ್ತವೆ. ಶಾಕ್ ಮೇಲ್ಭಾಗದಲ್ಲಿ ತೆಳುವಾದ ಜಿಡ್ಡು ಇದ್ದರೆ ಚಿಂತೆ ಇಲ್ಲ, ರಾಡ್ ಒಳಗೆ ಹೊರಗೆ ಆಡುವಾಗ ಅಷ್ಟು ಬರುತ್ತದೆ. ಕೆಳಗಿನವರೆಗೂ ಒದ್ದೆ ಆಗಿ ಪೇಸ್ಟ್ ಕಟ್ಟಿದ್ದರೆ ಅದು ಸತ್ತಿದೆ. ಆದರೆ ‘ಟಕ್’ ಸದ್ದು ಶಾಕ್ಸ್‌ದು ಅಂತ ನನಗೆ ಅನ್ನಿಸುತ್ತಿಲ್ಲ. ಅದು ಹಿಂದಿನ ಟಾಪ್ ಮೌಂಟ್ (ಶಾಕ್ ಮೇಲ್ತುದಿಯನ್ನು ಕಾರಿನ ಮೈಗೆ ಹಿಡಿಸುವ ಭಾಗ) ಇರಬಹುದು, ಸ್ಟೆಬಿಲೈಸರ್ ಲಿಂಕ್ (ಕಾರು ವಾಲುವುದನ್ನು ತಡೆಯುವ ಸರಳಿನ ಕೊಂಡಿ) ಇರಬಹುದು, ಟ್ರೇಲಿಂಗ್ ಆರ್ಮ್ ಬುಶ್ (ಹಿಂದಿನ ಚಕ್ರ ಹಿಡಿಯುವ ತೋಳಿನ ರಬ್ಬರ್) ಇರಬಹುದು. ಇನ್ನೊಂದು ಇದೆ: ಈ ಮಾಡೆಲ್‌ನಲ್ಲಿ ಹಿಂದಿನ ಸ್ಪ್ರಿಂಗ್ ಮುರಿಯುವುದು ಹೆಸರುವಾಸಿ ಕಾಯಿಲೆ. ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ ಕೂತಿರುತ್ತದೆ. ಸ್ಪ್ರಿಂಗ್‌ನ ಕೊನೇ ಸುತ್ತು ಕಪ್‌ನೊಳಗೆ ಅಡಗಿರುತ್ತದೆ, ಮುರಿದರೂ ಮೇಲಿಂದ ನೋಡಿದರೆ ಕಾಣುವುದಿಲ್ಲ.

ಹೀಗೆ ಮಾಡಿ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ. ಟೈರ್ ಗಾಳಿ ಸರಿ ಇರಲಿ. ನಾಲ್ಕೂ ಕಡೆ ವೀಲ್ ಮಧ್ಯದಿಂದ ಮೇಲೆ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಅಳೆಯಿರಿ. ನೆಲದಿಂದ ಅಳೆಯಬೇಡಿ, ಟೈರ್ ಸವೆತ ಲೆಕ್ಕ ಕೆಡಿಸುತ್ತದೆ. ಎಡ ಬಲಕ್ಕೆ ದೊಡ್ಡ ವ್ಯತ್ಯಾಸ ಬಂದರೆ ಸ್ಪ್ರಿಂಗ್ ನೋಡಲೇಬೇಕು. ಬಾನೆಟ್ ಒತ್ತಿ ಬಿಟ್ಟು ನೋಡುವ ಹಳೇ ಪರೀಕ್ಷೆಯನ್ನು ಇಂಥ ಕಾರಲ್ಲಿ ನಂಬಬೇಡಿ. ಸ್ಪ್ರಿಂಗ್ ಗಟ್ಟಿ, ಕೈಯಲ್ಲಿ ಒತ್ತಿದರೆ ಎಷ್ಟು ತಾನೇ ಇಳಿಯುತ್ತದೆ.

ಹೆಬ್ಬಾಳ_ಇಂಜಿನಿಯರ್

ಮೇಲಿನ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಆಯ್ಕೆ ವಿಷಯಕ್ಕೆ ಬರುತ್ತೇನೆ. ನನ್ನ ಕೆಲಸವೂ ಸಸ್ಪೆನ್ಷನ್ ಬಿಡಿಭಾಗಗಳದ್ದೇ, ಹಾಗಾಗಿ ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ಕಾರಿನ ಭಾರ ಹೊರುವುದು ಸ್ಪ್ರಿಂಗ್. ಶಾಕ್ ಭಾರ ಹೊರುವುದಿಲ್ಲ. ಸ್ಪ್ರಿಂಗ್ ಕುಣಿಯುವುದನ್ನು ನಿಲ್ಲಿಸುವುದಷ್ಟೇ ಅದರ ಕೆಲಸ. ಎಣ್ಣೆಯನ್ನು ಸಣ್ಣ ತೂತುಗಳ ಮೂಲಕ ತಳ್ಳಿ, ಆ ಚಲನೆಯನ್ನು ಶಾಖ ಮಾಡಿ ಹೊರಗೆ ಬಿಡುತ್ತದೆ. ಅದಕ್ಕೇ ಕೆಟ್ಟ ರಸ್ತೆಯಲ್ಲಿ ಓಡಿಸಿ ಬಂದು ಮುಟ್ಟಿದರೆ ಬಿಸಿ ಇರುತ್ತದೆ.

ಶಾಕ್ ಎಷ್ಟು ತಡೆಯುತ್ತದೆ ಅನ್ನೋದು ಪಿಸ್ಟನ್ ಎಷ್ಟು ವೇಗದಲ್ಲಿ ಆಡುತ್ತದೆ ಅನ್ನೋದರ ಮೇಲೆ ಇದೆ. ಕಾರಿನ ವೇಗ ಅಲ್ಲ, ಪಿಸ್ಟನ್ ವೇಗ. ತಿರುವಿನಲ್ಲಿ ಕಾರು ವಾಲುವಾಗ, ಬ್ರೇಕ್ ಹಿಡಿದಾಗ ಮೂಗು ಇಳಿಸುವಾಗ ಪಿಸ್ಟನ್ ನಿಧಾನಕ್ಕೆ ಆಡುತ್ತದೆ, ಸೆಕೆಂಡಿಗೆ ಕೆಲವೇ ಸೆಂಟಿಮೀಟರ್. ಗುಂಡಿಯ ಅಂಚು ಬಡಿದಾಗ ಅದು ಸೆಕೆಂಡಿಗೆ ಒಂದು ಮೀಟರ್ ದಾಟಬಹುದು. ಒಳ್ಳೇ ಸ್ಪೋರ್ಟ್ಸ್ ಕಾರಿಗೆ ನಿಧಾನದ ಚಲನೆಯಲ್ಲಿ ಗಟ್ಟಿ ಹಿಡಿತ ಬೇಕು, ಜೋರು ಏಟಿಗೆ ಬಿಟ್ಟುಕೊಡುವ ಗುಣ ಬೇಕು. ನೀವು ದುಡ್ಡು ಕೊಡುವುದು ಮುಖ್ಯವಾಗಿ ಇದಕ್ಕೆ. ‘ಮೃದು’, ‘ಗಟ್ಟಿ’ ಅಂತ ಒಂದೇ ಮಾತಲ್ಲಿ ಹೇಳುವವರನ್ನು ಕೇಳಿ ತೀರ್ಮಾನ ಮಾಡಬೇಡಿ. ಅವರು ಯಾವ ವೇಗದ ಮಾತಾಡುತ್ತಿದ್ದಾರೆ ಅನ್ನೋದು ಗೊತ್ತಾಗುವುದಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು.

ಕಂಪನಿ ತರಹದ್ದು, ಅಂದರೆ ಸ್ಯಾಕ್ಸ್ ಅಥವಾ ಬಿಲ್‌ಸ್ಟೈನ್ ಬಿ4. ಹೊಸದರಲ್ಲಿ ಕಾರು ಹೇಗಿತ್ತೋ ಹಾಗೆ ಬರುತ್ತದೆ. ಈ ಕಾರು ಹೊಸದರಲ್ಲಿ ಹೇಗಿತ್ತು ಅಂತ ಬಹಳ ಜನಕ್ಕೆ ಮರೆತೇ ಹೋಗಿರುತ್ತದೆ. ಇಪ್ಪತ್ತು ವರ್ಷದ ಶಾಕ್ಸ್ ತೆಗೆದು ಹೊಸ ಸ್ಯಾಕ್ಸ್ ಹಾಕಿದರೂ ಬೇರೆ ಕಾರು ಓಡಿಸಿದ ಹಾಗಾಗುತ್ತದೆ, ಇದನ್ನು ಕಡಿಮೆ ಎಂದುಕೊಳ್ಳಬೇಡಿ.

ಬಿಲ್‌ಸ್ಟೈನ್ ಬಿ6. ಇದು ಮೊನೋಟ್ಯೂಬ್. ಒಂದೇ ಕೊಳವೆ, ಒಳಗೆ ಎಣ್ಣೆ, ಎಣ್ಣೆ ಕೆಳಗೆ ತೇಲುವ ಒಂದು ಪಿಸ್ಟನ್, ಅದರಾಚೆ ಒತ್ತಡದ ಗ್ಯಾಸ್. ಒತ್ತಡ ಇರುವುದರಿಂದ ಎಣ್ಣೆಯಲ್ಲಿ ನೊರೆ ಏಳುವುದಿಲ್ಲ, ಘಾಟಿಯಲ್ಲಿ ಗಂಟೆಗಟ್ಟಲೆ ಓಡಿಸಿದರೂ ಹಿಡಿತ ಸಡಿಲ ಆಗುವುದಿಲ್ಲ. ಬಿಲ್‌ಸ್ಟೈನ್‌ನವರು ಈ ತಂತ್ರವನ್ನು ದೊಡ್ಡ ಮಟ್ಟದಲ್ಲಿ ಕಾರಿಗೆ ತಂದಿದ್ದು 1957ರಲ್ಲಿ, ಮರ್ಸಿಡಿಸ್‌ಗೆ. ಮುಂದಿನ ಮ್ಯಾಕ್‌ಫರ್ಸನ್ ಸ್ಟ್ರಟ್‌ನಲ್ಲಿ (ಶಾಕ್, ಸ್ಪ್ರಿಂಗ್ ಒಂದೇ ಕಂಬವಾಗಿ ಚಕ್ರ ಹಿಡಿಯುವ ಜೋಡಣೆ) ಬಿ6 ಅನ್ನು ತಲೆಕೆಳಗಾಗಿ ಕೂರಿಸಿರುತ್ತಾರೆ. ತೆಳ್ಳಗಿನ ರಾಡ್ ಬದಲು ದಪ್ಪ ಕೊಳವೆಯೇ ಪಕ್ಕದ ಬಲ ತಡೆಯುತ್ತದೆ, ಸ್ಟೀರಿಂಗ್ ಗಟ್ಟಿ ಅನ್ನಿಸುತ್ತದೆ. ಕೊರತೆ ಏನೆಂದರೆ ಪಿಸ್ಟನ್ ನೇರವಾಗಿ ಹೊರಗಿನ ಕೊಳವೆಗೇ ಉಜ್ಜಿಕೊಂಡು ಆಡುತ್ತದೆ. ಕಲ್ಲು ಬಡಿದು ಕೊಳವೆ ನೆಗ್ಗಿದರೆ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಟ್ವಿನ್ ಟ್ಯೂಬ್‌ನಲ್ಲಿ ಹೊರಗಿನ ಕೊಳವೆ ನೆಗ್ಗಿದರೂ ಒಳಗಿನದು ತನ್ನ ಪಾಡಿಗೆ ಕೆಲಸ ಮಾಡುತ್ತದೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಗ್ಯಾಸ್ ಒತ್ತಡ ರಾಡನ್ನು ಯಾವಾಗಲೂ ಹೊರಗೆ ತಳ್ಳುತ್ತಿರುತ್ತದೆ. 11 ಮಿ.ಮೀ. ದಪ್ಪದ ರಾಡ್, 25 ಬಾರ್ ಒತ್ತಡ ಎಂದು ಲೆಕ್ಕ ಹಾಕಿದರೆ ಸುಮಾರು 24 ಕೆಜಿ ಬಲ. ಹಾಗಾಗಿ ಮೊನೋಟ್ಯೂಬ್ ಹಾಕಿದಾಗ ಕಾರು ಕೆಲವು ಮಿಲಿಮೀಟರ್ ಎತ್ತರ ಕೂತರೆ ಗಾಬರಿ ಬೇಡ. ನಮ್ಮ ಹಂಪ್ಸ್‌ಗೆ ಅದು ಒಳ್ಳೇದೇ.

ಕೋನಿಯಲ್ಲಿ ಎರಡು ಬಗೆ. ಹಳದಿ ಬಣ್ಣದ ಸ್ಪೋರ್ಟ್‌ನಲ್ಲಿ ರಿಬೌಂಡ್, ಅಂದರೆ ಸ್ಪ್ರಿಂಗ್ ಮೇಲೇಳುವಾಗಿನ ತಡೆ, ಅದನ್ನು ಹೆಚ್ಚು ಕಡಿಮೆ ಮಾಡಬಹುದು. ಸ್ಪೆಷಲ್ ಆ್ಯಕ್ಟಿವ್ ಅನ್ನೋದು ಮೊದಲು ಎಫ್‌ಎಸ್‌ಡಿ ಅಂತ ಬರುತ್ತಿತ್ತಲ್ಲ ಅದರ ಮುಂದಿನದು. ರಸ್ತೆಯ ಸಣ್ಣ ಗಡಗಡಕ್ಕೆ ಒಳಗಿನ ವಾಲ್ವ್ ತಾನಾಗಿಯೇ ಎಣ್ಣೆಗೆ ಇನ್ನೊಂದು ದಾರಿ ಬಿಡುತ್ತದೆ, ಕಾರಿನ ಮೈ ನಿಧಾನಕ್ಕೆ ವಾಲುವಾಗ ಆ ದಾರಿ ಮುಚ್ಚುತ್ತದೆ. ವೈರ್ ಇಲ್ಲ, ಸ್ವಿಚ್ ಇಲ್ಲ. ನಿಮ್ಮ ಮಾಡೆಲ್‌ಗೆ, ಎಂ ಸ್ಪೋರ್ಟ್ ಸ್ಪ್ರಿಂಗ್‌ಗೆ ಸಿಕ್ಕರೆ ನಮ್ಮ ರಸ್ತೆಗೆ ನನ್ನ ಮೊದಲ ಓಟು ಇದಕ್ಕೆ. ಸಿಗದಿದ್ದರೆ ಬಿ6.

ಬಿ8 ಮಾತ್ರ ಬೇಡ. ಅದು ಇನ್ನೂ ತಗ್ಗಿಸಿದ ಸ್ಪ್ರಿಂಗ್‌ಗೆ ಅಂತ ಗಿಡ್ಡ ಮಾಡಿದ್ದು. ಯಾರಾದರೂ ಸ್ಟಾಕ್ ಇದೆ ಅಂತ ಅದನ್ನೇ ದಾಟಿಸಲು ನೋಡಿದರೆ ತಗೊಳ್ಳಬೇಡಿ.

ಇ85ರಲ್ಲಿ ಎಲೆಕ್ಟ್ರಾನಿಕ್ ಶಾಕ್ಸ್ ಇಲ್ಲದಿರುವುದು ನಿಮ್ಮ ಪುಣ್ಯ. ಗೇರ್ ಪಕ್ಕದ ಸ್ಪೋರ್ಟ್ ಬಟನ್ ಬದಲಿಸುವುದು ಆಕ್ಸಿಲರೇಟರ್ ಮತ್ತು ಸ್ಟೀರಿಂಗ್ ಮಾತ್ರ. ಮುಂದಿನ ಮಾಡೆಲ್ ಇ89ರಲ್ಲಿ ಅಡಾಪ್ಟಿವ್ ಸಸ್ಪೆನ್ಷನ್ ಇರುವ ಗಾಡಿಯಾಗಿದ್ದರೆ ಆಯ್ಕೆ ಕಷ್ಟ, ಖರ್ಚೂ ಜಾಸ್ತಿ.

ಕೆಎ11_ಹೈವೇ

ನಾನು ಬೇರೆ ಮಾತು ಹೇಳುತ್ತೇನೆ. ಹೇಗಿದ್ದರೂ ಲಕ್ಷದ ಮೇಲೆ ಖರ್ಚು ಮಾಡುತ್ತೀರಿ. ಅದೇ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ ಕಾಯಿಲೋವರ್ (ಸ್ಪ್ರಿಂಗ್, ಶಾಕ್ ಒಟ್ಟಿಗೆ ಬರುವ ಸೆಟ್) ಹಾಕಿಬಿಡಿ. ಎತ್ತರ ನಿಮಗೆ ಬೇಕಾದ ಹಾಗೆ ಇಟ್ಟುಕೊಳ್ಳಬಹುದು. ಎಕ್ಸ್‌ಪ್ರೆಸ್‌ವೇನಲ್ಲಿ ತಗ್ಗಿಸಿದ ಝಡ್-4 ಓಡುವ ಚಂದವೇ ಬೇರೆ, ಕಾರು ರಸ್ತೆಗೆ ಅಂಟಿಕೊಂಡು ಹೋಗುತ್ತದೆ. 2023ರಲ್ಲಿ ರಸ್ತೆ ಉದ್ಘಾಟನೆ ಆದಮೇಲೆ ನಮ್ಮ ಕಡೆ ಇಂಥ ಕಾರು ಓಡಿಸುವ ಜಾಗ ಅಂತ ಒಂದು ಸಿಕ್ಕಿದೆ. ಅದಕ್ಕೆ ತಕ್ಕ ಸೆಟಪ್ ಮಾಡಿಸಿ.

ಹೆಬ್ಬಾಳ_ಇಂಜಿನಿಯರ್

ಕೆಎ11 ಅವರೇ, ನಿಮ್ಮ ಆಸೆ ಅರ್ಥ ಆಗುತ್ತದೆ, ನೋಡಲು ಚಂದ ಅನ್ನೋದರಲ್ಲಿ ಎರಡು ಮಾತಿಲ್ಲ. ಆದರೆ ಎಕ್ಸ್‌ಪ್ರೆಸ್‌ವೇ ಬಿಟ್ಟು ಇಳಿದ ಮೇಲೆ? ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಅಷ್ಟು ಅಗಲಕ್ಕೆ ಹರಡಿದ್ದರೆ ಯಾವ ಕಾರಾದರೂ ದಾಟುತ್ತದೆ. ಪಾಂಡವಪುರದಿಂದ ಮೇಲುಕೋಟೆಗೆ ಹೋಗುವಾಗ ಊರೂರಿಗೆ ಸಿಗುವ ಹಂಪ್ಸ್ ಹಾಗಿವೆಯಾ? ಎತ್ತರ ಅಷ್ಟೇ ಇರುತ್ತದೆ, ಅಗಲ ಒಂದು ಮಾರು ಇರುವುದಿಲ್ಲ. ಕಬ್ಬು ಅರೆಯುವ ಕಾಲದಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಓಡಿ ಓಡಿ ರಸ್ತೆ ಎರಡು ಸಾಲು ಕುಸಿದಿರುತ್ತದೆ, ನಡುವೆ ದಿಂಡು ಎದ್ದಿರುತ್ತದೆ. ತಗ್ಗಿಸಿದ ಕಾರಿನ ಹೊಟ್ಟೆ ಅಲ್ಲೇ ಉಜ್ಜುವುದು.

ಹೊಟ್ಟೆ ಉಜ್ಜುವುದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಕಾರು ತಗ್ಗಿಸಿದಷ್ಟೂ ಸ್ಪ್ರಿಂಗ್ ಕೆಳಗೆ ಹೋಗಲು ಉಳಿಯುವ ಜಾಗ ಕಡಿಮೆ. ಆ ಜಾಗ ಮುಗಿದರೆ ಬಂಪ್ ಸ್ಟಾಪ್ ರಬ್ಬರ್ ಮೇಲೆ ಕೂರುತ್ತದೆ. ತಿರುವಿನ ಮಧ್ಯದಲ್ಲಿ ಒಂದು ಚಕ್ರ ಹೀಗೆ ತಟ್ಟನೆ ಗಟ್ಟಿಯಾದರೆ ಟೈರ್ ಹಿಡಿತ ಬಿಡುತ್ತದೆ. ರಸ್ತೆ ನುಣುಪಾಗಿದ್ದರೆ ತಗ್ಗು ಕಾರು ವೇಗ, ನಮ್ಮ ರಸ್ತೆಯಲ್ಲಿ ಅದೇ ಕಾರು ನಿಧಾನ. ಇದರ ಮೇಲೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಬದಲಿಸುವಂತಿಲ್ಲ. ಅಪಘಾತ ಆದಾಗ ಇನ್ಶೂರೆನ್ಸ್ ಸರ್ವೇಯರ್ ಮೊದಲು ಅದನ್ನೇ ಎತ್ತಬಹುದು. ಹಳೇ ಗಾಡಿಗೆ ಅಷ್ಟು ತಲೆನೋವು ಬೇಕಾ?

ರೋಡ್‌ಸ್ಟರ್_ಕುವೆಂಪುನಗರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಂಡ್ಯ ಅಣ್ಣ ಹೇಳಿದ ಹಾಗೆ ಅಳತೆ ತೆಗೆದೆ. ಮುಂದೆ ಎಡ ಬಲ ಒಂದೇ. ಹಿಂದೆ ಎಡಗಡೆ ಬಲಕ್ಕಿಂತ 14 ಮಿ.ಮೀ. ಕಡಿಮೆ. ಇವತ್ತು ಲಿಫ್ಟ್ ಮೇಲೆ ಏರಿಸಿ ಹಿಂದಿನ ಎಡ ಚಕ್ರ ತೆಗೆಸಿದೆ. ಸ್ಪ್ರಿಂಗ್ ಕೆಳಗಿನ ಕಪ್‌ಗೆ ಟಾರ್ಚ್ ಬಿಟ್ಟು ನೋಡಿದರೆ ಕೊನೇ ಸುತ್ತಿನ ತುದಿ ಮುರಿದು ಅಲ್ಲೇ ಬಿದ್ದಿದೆ, ಹೆಬ್ಬೆರಳಿಗಿಂತ ಸ್ವಲ್ಪ ಉದ್ದದ ತುಂಡು. ಮುರಿದ ಮುಖದಲ್ಲಿ ಅರ್ಧ ತುಕ್ಕು ಹಿಡಿದು ಕಂದು ಆಗಿದೆ, ಇನ್ನರ್ಧ ಹೊಳೆಯುತ್ತಿದೆ. ಮೆಕ್ಯಾನಿಕ್ ಹೇಳಿದರು, ಮೊದಲು ಸೀಳು ಬಿಟ್ಟು ಅಲ್ಲಿಗೆ ನೀರು ಹೋಗಿದೆ, ಉಳಿದದ್ದು ಈಚೆಗೆ ಮುರಿದಿದೆ ಅಂತ. ‘ಟಕ್’ ಸದ್ದು ಈ ತುಂಡಿನದೇ.

ಹಾಗಾದರೆ ಸ್ಪ್ರಿಂಗ್ ಒಂದೇ ಬದಲಿಸಲಾ, ಎರಡೂ ಬದಲಿಸಲಾ? ನಾಲ್ಕೂ ಹಾಕಬೇಕಾ? ಶಾಕ್ಸ್ ಜೊತೆ ಇನ್ನೇನೇನು ತರಿಸಲಿ? ಒಂದೇ ಸಲ ಆರ್ಡರ್ ಮಾಡಿದರೆ ಕೊರಿಯರ್, ಕಸ್ಟಮ್ಸ್ ಒಂದೇ ಸಲ ಕಟ್ಟಬಹುದು.

ಮಂಡ್ಯ_ಗ್ಯಾರೇಜ್

ನೋಡಿದ್ರಾ ಸರ್, ಅಳತೆ ಸುಳ್ಳು ಹೇಳುವುದಿಲ್ಲ. ಆ ಕಾರನ್ನು ಈಗ ಜಾಸ್ತಿ ಓಡಿಸಬೇಡಿ, ಊಟಿ ಗೀಟಿ ಅಂತ ಹೋಗಲೇಬೇಡಿ. ಮುರಿದ ತುದಿ ಕಪ್‌ನಿಂದ ಜಾರಿದರೆ ಸ್ಪ್ರಿಂಗ್ ಓರೆಯಾಗುತ್ತದೆ.

ಹಿಂದಿನ ಸ್ಪ್ರಿಂಗ್ ಎರಡೂ ಒಟ್ಟಿಗೆ ಬದಲಿಸಬೇಕು. ಒಂದು ಹೊಸದು ಒಂದು ಹಳೇದು ಹಾಕಿದರೆ ಕಾರು ಓರೆ ನಿಲ್ಲುತ್ತದೆ. ಮುಂದಿನವು ಅಳತೆಯಲ್ಲಿ ಸಮ ಇವೆ, ಸ್ಟ್ರಟ್ ಬಿಚ್ಚಿದಾಗ ತಂತಿ ಬ್ರಷ್‌ನಲ್ಲಿ ಉಜ್ಜಿ ನೋಡಿ, ಪೇಂಟ್ ಎದ್ದು ತುಕ್ಕು ಗುಳಿ ಬಿದ್ದಿದ್ದರೆ ಅವನ್ನೂ ಬದಲಿಸಿ. ಶಾಕ್ಸ್ ಮಾತ್ರ ನಾಲ್ಕೂ.

ಆರ್ಡರ್ ಮಾಡುವ ಮುಂಚೆ ಚಾಸಿಸ್ ನಂಬರಿನ ಕೊನೇ ಏಳು ಅಕ್ಷರ ಹಾಕಿ ಪಾರ್ಟ್ ನಂಬರ್ ತೆಗೆಯಿರಿ. ‘ಝಡ್-4, 2006’ ಅಂತ ಹೇಳಿ ತರಿಸಬೇಡಿ. ಎಂ ಸ್ಪೋರ್ಟ್‌ಗೆ ಬೇರೆ ನಂಬರ್, ಮಾಮೂಲಿಗೆ ಬೇರೆ ನಂಬರ್. ಸ್ಪ್ರಿಂಗ್ ಅಂತೂ ಕಾರಿನಲ್ಲಿ ಏನೇನು ಎಕ್ವಿಪ್‌ಮೆಂಟ್ ಇದೆ ಅನ್ನೋದರ ಮೇಲೆ ಬದಲಾಗುತ್ತದೆ.

ಜೊತೆಗೆ ತರಿಸಬೇಕಾದ್ದು: ಮುಂದಿನ ಟಾಪ್ ಮೌಂಟ್ ಬೇರಿಂಗ್ ಸಮೇತ, ಹಿಂದಿನ ಟಾಪ್ ಮೌಂಟ್, ಅದರ ಗ್ಯಾಸ್ಕೆಟ್, ನಾಲ್ಕೂ ಬಂಪ್ ಸ್ಟಾಪ್, ಡಸ್ಟ್ ಬೂಟ್, ಸ್ಪ್ರಿಂಗ್ ಕೆಳಗಿನ ಮೇಲಿನ ರಬ್ಬರ್ ಪ್ಯಾಡ್, ಹೊಸ ನಟ್‌ಗಳು. ಇವೆಲ್ಲ ಶಾಕ್ಸ್ ಮುಂದೆ ಚಿಲ್ಲರೆ ದುಡ್ಡು. ಡಸ್ಟ್ ಬೂಟ್ ಹರಿದಿದ್ದರೆ ಧೂಳು ರಾಡ್‌ಗೆ ಅಂಟಿ ಸೀಲ್ ತಿನ್ನುತ್ತದೆ, ಲಕ್ಷದ ಶಾಕ್ಸ್ ಸಣ್ಣ ರಬ್ಬರಿಗೆ ಹಾಳಾಗುತ್ತದೆ. ಕೆಲಸಗಾರರ ಕೂಲಿಯೂ ಅಷ್ಟೇ, ಒಮ್ಮೆ ಬಿಚ್ಚಿದಾಗ ಎಲ್ಲ ಮುಗಿಸಿದರೆ ಒಂದೇ ಕೂಲಿ. ಟ್ರೇಲಿಂಗ್ ಆರ್ಮ್ ಬುಶ್, ಮುಂದಿನ ಲೋಯರ್ ಆರ್ಮ್ ಬುಶ್ ಎರಡನ್ನೂ ಸಬ್ಬಲ್ ಹಾಕಿ ಎತ್ತಿ ನೋಡಿಸಿ. ಅವು ಹೋಗಿದ್ದರೆ ಎಷ್ಟೇ ಒಳ್ಳೇ ಶಾಕ್ಸ್ ಹಾಕಿದರೂ ಕಾರು ಅಲೆದಾಡುವುದು ನಿಲ್ಲುವುದಿಲ್ಲ.

ಈಗ ಫಿಟ್ಟಿಂಗ್. ಇದನ್ನು ಪಕ್ಕದಲ್ಲೇ ನಿಂತು ಮಾಡಿಸಿ, ಯಾಕೆಂದರೆ ಹೊಸ ಶಾಕ್ಸ್ ಸಾಯುವುದು ಬಹುಪಾಲು ಫಿಟ್ಟಿಂಗ್ ದಿನವೇ. ಮೇಲಿನ ನಟ್ ತಿರುಗಿಸುವಾಗ ರಾಡ್ ಜೊತೆಗೆ ತಿರುಗುತ್ತದೆ. ಆಗ ಅವಸರದ ಹುಡುಗರು ರಾಡನ್ನೇ ಪ್ಲಯರ್‌ನಲ್ಲಿ ಹಿಡಿದುಬಿಡುತ್ತಾರೆ. ಆ ಹೊಳೆಯುವ ಕ್ರೋಮ್ ಮೇಲೆ ಉಗುರಿಗೆ ತಾಕುವಷ್ಟು ಗೆರೆ ಬಿದ್ದರೂ ಸಾಕು, ಪ್ರತಿ ಸಲ ಆಡಿದಾಗಲೂ ಅದು ಸೀಲನ್ನು ಕೊಯ್ಯುತ್ತದೆ. ರಾಡ್ ತುದಿಯಲ್ಲಿ ಅಲೆನ್ ಕೀ ಹಾಕಲು ಗುಂಡಿ ಇರುತ್ತದೆ ಅಥವಾ ಚಪ್ಪಟೆ ಮಾಡಿರುತ್ತಾರೆ, ಅದನ್ನು ಹಿಡಿದು ನಟ್ ಬಿಗಿಯಬೇಕು. ಇಂಪ್ಯಾಕ್ಟ್ ಗನ್ ರಾಡ್ ನಟ್ ಹತ್ತಿರ ಬರಲೇಬಾರದು. ಸ್ಪ್ರಿಂಗ್ ಕಂಪ್ರೆಸರ್ ಒಳ್ಳೇದು ಇದೆಯಾ ಕೇಳಿ. ಒತ್ತಿಟ್ಟ ಸ್ಪ್ರಿಂಗ್ ಚಿಮ್ಮಿದರೆ ಕೈ ಹೋಗುತ್ತದೆ.

ಟ್ವಿನ್ ಟ್ಯೂಬ್ ಶಾಕ್ಸ್ ಬಂದರೆ ಹಾಕುವ ಮುಂಚೆ ನೆಟ್ಟಗೆ ನಿಲ್ಲಿಸಿ ಪೂರ್ತಿ ಒತ್ತಿ ಎಳೆದು ಮಾಡಬೇಕು, ಸಾಗಣೆಯಲ್ಲಿ ಮಲಗಿಸಿದ್ದಾಗ ಒಳಗೆ ಹೋದ ಗಾಳಿ ಮೇಲೆ ಬರುತ್ತದೆ. ರಬ್ಬರ್ ಬುಶ್ ಇರುವ ಬೋಲ್ಟ್‌ಗಳನ್ನು ಚಕ್ರ ಗಾಳಿಯಲ್ಲಿ ನೇತಾಡುವಾಗ ಕೊನೇ ಬಿಗಿ ಕೊಡಬಾರದು. ಕಾರು ತನ್ನ ಭಾರದಲ್ಲಿ ಕೂತಾಗ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ವಿಜಯನಗರ_ಎಸ್‌ಎಲ್‌ಕೆ

ಚರ್ಚೆ ಓದುತ್ತಾ ಇದ್ದೆ, ಒಂದು ಮಾತು ಯಾರೂ ಎತ್ತಲಿಲ್ಲ. ರನ್-ಫ್ಲಾಟ್ ಟೈರ್! ನನ್ನ ಹತ್ತಿರ ಮರ್ಸಿಡಿಸ್‌ನ ಹಳೇ ಎಸ್‌ಎಲ್‌ಕೆ ಇದೆ, ಗೆಳೆಯರೊಬ್ಬರ ಹತ್ತಿರ ನಿಮ್ಮದೇ ಇ85. ಅವರ ಕಾರಿನಲ್ಲಿ ರನ್-ಫ್ಲಾಟ್ ತೆಗೆದು ಮಾಮೂಲಿ ಟೈರ್ ಹಾಕಿದ ದಿನ ಪಕ್ಕದಲ್ಲಿ ಕೂತಿದ್ದೆ. ಶಾಕ್ಸ್ ಬದಲಿಸಿದರೇನೋ ಅನ್ನುವಷ್ಟು ವ್ಯತ್ಯಾಸ. ರನ್-ಫ್ಲಾಟ್‌ನ ಪಕ್ಕದ ಗೋಡೆ ಗಾಳಿ ಇಲ್ಲದೆಯೂ ಕಾರು ಹೊರಬೇಕು, ಅದಕ್ಕೆ ಅಷ್ಟು ದಪ್ಪ, ಅಷ್ಟು ಗಟ್ಟಿ. ಸಣ್ಣ ಏಟನ್ನು ಟೈರ್ ನುಂಗುವುದೇ ಇಲ್ಲ, ಪೂರ್ತಿ ಶಾಕ್ಸ್‌ಗೆ ದಾಟಿಸುತ್ತದೆ. ಬಿ6 ‘ಸೊಂಟ ಮುರಿಯುತ್ತದೆ’ ಅಂತ ಬರೆದವರಲ್ಲಿ ಎಷ್ಟು ಜನ ರನ್-ಫ್ಲಾಟ್ ಮೇಲೆ ಓಡಿಸುತ್ತಿದ್ದರೋ ಏನೋ.

ಹೇಗಿದ್ದರೂ ನಿಮ್ಮ ಮುಂದಿನ ಟೈರ್ ತಗ್ಗು ಉಬ್ಬು ಆಗಿದೆ. ಅದು ಹೊಸ ಶಾಕ್ಸ್ ಹಾಕಿದರೂ ಸರಿ ಹೋಗುವುದಿಲ್ಲ, ಗುಂಯ್ ಅಂತ ಸದ್ದು ಮಾಡುತ್ತಲೇ ಇರುತ್ತದೆ. ಅದೇ ಸೈಜಿನ ಮಾಮೂಲಿ ಟೈರ್ ನಾಲ್ಕೂ ಹಾಕಿಸಿ. ಒಂದು ಎಚ್ಚರಿಕೆ ಇದೆ. ನಿಮ್ಮ ಕಾರಿನಲ್ಲಿ ಸ್ಟೆಪ್ನಿ ಇಲ್ಲ, ರನ್-ಫ್ಲಾಟ್ ನಂಬಿ ಹಾಗೆ ಮಾಡಿದ್ದಾರೆ. ಡಿಕ್ಕಿಯಲ್ಲಿ ಗಾಳಿ ಪಂಪ್, ಪಂಕ್ಚರ್ ಕಿಟ್ ಇಟ್ಟುಕೊಳ್ಳಿ. ಬಂಡೀಪುರ ಕಾಡಿನೊಳಗೆ ಪಂಕ್ಚರ್ ಆದರೆ ಇಳಿದು ನಿಲ್ಲುವ ಜಾಗ ಅಲ್ಲ ಅದು, ಮೇಲಾಗಿ ರಾತ್ರಿ 9ಕ್ಕೆ ಗೇಟ್ ಹಾಕುತ್ತಾರೆ.

ನನ್ನ ಎಸ್‌ಎಲ್‌ಕೆಗೆ ಕೋನಿ ಹಳದಿ ಹಾಕಿದ್ದೇನೆ, ರಿಬೌಂಡ್ ಕನಿಷ್ಠಕ್ಕೆ ಹತ್ತಿರ ಇಟ್ಟಿದ್ದೇನೆ. ನಂಜನಗೂಡು ರಸ್ತೆಯಲ್ಲಿ ಹಾಯಾಗಿ ಹೋಗುತ್ತದೆ. ಜಾಸ್ತಿ ಬಿಗಿ ಮಾಡಿದರೆ ಏನಾಗುತ್ತದೆ ಅಂದರೆ, ಸಾಲು ಹಂಪ್ಸ್ ಬಂದಾಗ ಮೊದಲನೇದರಲ್ಲಿ ಒತ್ತಿದ ಸ್ಪ್ರಿಂಗ್ ಪೂರ್ತಿ ಮೇಲೇಳುವ ಮೊದಲೇ ಎರಡನೇದು ಬರುತ್ತದೆ, ಮೂರನೇದು ಬರುವಾಗ ಕಾರು ಬಂಪ್ ಸ್ಟಾಪ್ ಮೇಲೇ ಕೂತಿರುತ್ತದೆ. ಹಾಗಾಗಿ ಅಡ್ಜಸ್ಟ್ ಮಾಡುವ ಶಾಕ್ಸ್ ಇದೆ ಅಂತ ಗಟ್ಟಿ ಕಡೆಗೇ ತಿರುಗಿಸುತ್ತಾ ಹೋಗಬೇಡಿ.

ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬರುವ ಹಾಗೆ 28 ಪರ್ಸೆಂಟ್‌ನಿಂದ 18ಕ್ಕೆ ಇಳಿದಿದೆ. ಹಳೇ ಕೊಟೇಶನ್ ಇದ್ದರೆ ಇನ್ನೊಮ್ಮೆ ಕೇಳಿ. ಆನ್‌ಲೈನ್‌ನಲ್ಲಿ ನಂಬಲಾಗದಷ್ಟು ಅಗ್ಗಕ್ಕೆ ಸಿಕ್ಕರೆ ನಂಬಬೇಡಿ, ಹೆಸರಾಂತ ಬ್ರ್ಯಾಂಡ್‌ಗಳ ನಕಲಿ ಡಬ್ಬ ಓಡಾಡುತ್ತಿವೆ.

ರೋಡ್‌ಸ್ಟರ್_ಕುವೆಂಪುನಗರ

ತೀರ್ಮಾನ ಮಾಡಿದೆ. ಸ್ಪೆಷಲ್ ಆ್ಯಕ್ಟಿವ್ ನನ್ನ ಚಾಸಿಸ್ ನಂಬರಿಗೆ ಸದ್ಯ ಯಾರ ಹತ್ತಿರವೂ ಸ್ಟಾಕ್ ಇಲ್ಲ, ಯಾವಾಗ ಬರುತ್ತದೆ ಅಂತಲೂ ಹೇಳುತ್ತಿಲ್ಲ. ಬಿ6 ನಾಲ್ಕು, ಹಿಂದಿನ ಸ್ಪ್ರಿಂಗ್ ಜೋಡಿ ಕಂಪನಿಯದ್ದೇ ನಂಬರ್, ಮಂಡ್ಯ ಅಣ್ಣನ ಪಟ್ಟಿ ಪೂರ್ತಿ, ಮಾಮೂಲಿ ಟೈರ್ ನಾಲ್ಕು. ಎತ್ತರ ಫ್ಯಾಕ್ಟರಿಯದ್ದೇ. ಕೆಎ11 ಅವರೇ, ಬೇಜಾರಾಗಬೇಡಿ, ಭಾನುವಾರ ಮದ್ದೂರು ಕಡೆ ಸಿಕ್ಕರೆ ಕಾರು ಕೊಡುತ್ತೇನೆ, ಓಡಿಸಿ ನೋಡಿ.

ಕೊನೇ ಪ್ರಶ್ನೆ. ಅಲೈನ್‌ಮೆಂಟ್ ಫಿಟ್ಟಿಂಗ್ ಆದ ದಿನವೇ ಮಾಡಿಸಲಾ, ಸ್ವಲ್ಪ ಓಡಿಸಿ ಆಮೇಲೆ ಮಾಡಿಸಲಾ?

ಮಂಡ್ಯ_ಗ್ಯಾರೇಜ್

ಒಳ್ಳೇ ಆಯ್ಕೆ ಸರ್. ಆರ್ಡರ್ ಹಾಕುವಾಗ ಬಿ6ರ ಕ್ಯಾಟಲಾಗ್‌ನಲ್ಲಿ ‘ಸ್ಪೋರ್ಟ್ ಸಸ್ಪೆನ್ಷನ್ ಇರುವ ಗಾಡಿಗೆ’ ಅನ್ನುವ ಸಾಲು ನೋಡಿಕೊಂಡು ನಂಬರ್ ಕೊಡಿ.

ಅಲೈನ್‌ಮೆಂಟ್ ಎರಡು ಸಲ. ಸ್ಟ್ರಟ್ ಬಿಚ್ಚಿ ಹಾಕಿದ ಮೇಲೆ ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಬದಲಾಗಿರುತ್ತದೆ, ಹಾಗೇ ಓಡಿಸಿದರೆ ಹೊಸ ಟೈರ್ ತಿನ್ನುತ್ತದೆ, ಅದಕ್ಕೆ ಅದೇ ದಿನ ಟೋ ಸರಿ ಮಾಡಿಸಿ ಹೊರಗೆ ತನ್ನಿ. ಒಂದೆರಡು ವಾರ ಓಡಿಸಿ, ಸ್ಪ್ರಿಂಗ್ ತನ್ನ ಜಾಗದಲ್ಲಿ ಕೂತ ಮೇಲೆ ಮತ್ತೆ ಹೋಗಿ ನಾಲ್ಕೂ ಚಕ್ರದ ಕ್ಯಾಂಬರ್ (ಚಕ್ರ ಮೇಲ್ಗಡೆ ಒಳಕ್ಕೋ ಹೊರಕ್ಕೋ ವಾಲಿರುವ ಕೋನ), ಟೋ ಪೂರ್ತಿ ಮಾಡಿಸಿ. ಮುಂದಿನ ಎರಡು ಚಕ್ರ ಮಾತ್ರ ಮಾಡಿ ಕಳಿಸುವ ಕಡೆ ಹೋಗಬೇಡಿ, ಈ ಕಾರಿನಲ್ಲಿ ಹಿಂದಿನದೇ ಮುಖ್ಯ. ಬಿಎಂಡಬ್ಲ್ಯು ಹೇಳಿದ ಹಾಗೆ ಸೀಟಿನ ಮೇಲೆ ತೂಕ ಇಟ್ಟು, ಟ್ಯಾಂಕ್ ತುಂಬಿಸಿ ಮಾಡುವವರು ಸಿಕ್ಕರೆ ಇನ್ನೂ ಒಳ್ಳೇದು. ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೋಗಿ. ಎರಡನೇ ಸಲ ಹೋದಾಗ ಟಾಪ್ ಮೌಂಟ್ ನಟ್‌ಗಳ ಬಿಗಿಯನ್ನೂ ಟಾರ್ಕ್ ರೆಂಚ್ ಹಾಕಿ ನೋಡಿಸಿ. ಫೆಂಡರ್ ಅಳತೆಯನ್ನೂ ಮತ್ತೆ ತೆಗೆದು ಇಲ್ಲಿ ಹಾಕಿ, ಎಡ ಬಲ ಸಮ ಬಂತಾ ನೋಡೋಣ.